ಮನೆಗೆ ಬೀಗ ಹಾಕಿದಿರಿ, ನಲ್ಲಿಗೆ?

ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಗೃಹಿಣಿಯರಿಗೆ ಧಾವಂತ ಶುರು. ಬಟ್ಟೆ ಜೋಡಿಸಬೇಕು, ದಾರಿಗೆ ಚಪಾತಿ, ಚಟ್ನಿಪುಡಿ ಕಟ್ಟಬೇಕು, ಹಾಲಿನವರಿಗೆ, ಪೇಪರಿನ ಹುಡುಗನಿಗೆ ಬೇಡ ಅಂತ ಹೇಳಬೇಕು, ಒಡವೆಯನ್ನು ಲಾಕರಿಗೋ ಅಮ್ಮನ ಮನೆಗೋ ಸೇರಿಸಬೇಕು. ಗ್ಯಾಸ್ ಆಫ್ ಮಾಡಿದ್ದೀನಾ ಇಲ್ವಾ ಅಂತ ಬಸ್ ಸ್ಟ್ಯಾಂಡಿನಿಂದ ವಾಪಸ್ ಓಡಿ ಬಂದವರೂ ನಮ್ಮಲ್ಲಿದ್ದಾರೆ. ಆದರೆ ನಲ್ಲಿ ನಿಲ್ಲಿಸಿದ್ದೀನಾ ಅಂತ ಓಡಿ ಬಂದವರನ್ನು ಎಲ್ಲಾದರೂ ನೋಡಿದ್ದೀರಾ?

ನೋಡಿರಲಾರಿರಿ. ಅದರಲ್ಲೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರಾದ ನಮಗೆ ನೀರು ಸೋರಿ ಮನೆ ಹಾಳಾಗುತ್ತೆ ಅಂದರೆ ನಗು ಬರುತ್ತದೆ. "ಬರೋದೇ ಅಪರೂಪಕ್ಕೆ, ಅದರಲ್ಲಿ ಸೋರೋದೇನು ಬಂತು ಬಿಡ್ರೀ" ಅನ್ನುತ್ತೇವೆ. ಅದೆಲ್ಲ ಮಲೆನಾಡಿನವರ ಪಾಡು, ಬೆಂಗಳೂರಿನ ಅಪಾರ್ಟ್‌ಮೆಂಟಿನವರ ಪಾಡು ಅಂತ ನಮ್ಮ ಲೆಕ್ಕ. ನಿಜ ಹೇಳಬೇಕೆಂದರೆ, ನೀರು ಅಪರೂಪವಾದ ಊರಿನಲ್ಲೇ ಬೀಗ ಹಾಕಿದ ಮನೆಗೆ ಅಪಾಯ ಜಾಸ್ತಿ. ಯಾಕೆ ಗೊತ್ತಾ?

ದಿನವಿಡೀ ನೀರು ಬರುವ ಊರಿನಲ್ಲಿ ಬೇಕಾದಾಗ ನಲ್ಲಿ ತಿರುಗಿಸುತ್ತಾರೆ, ಸಾಕಾದಾಗ ನಿಲ್ಲಿಸುತ್ತಾರೆ. ನಮ್ಮಲ್ಲಿ ಅದು ಉಲ್ಟಾ. ಹೇಮಾವತಿ ನೀರು ಶಿರಾ ಕೆರೆಗೆ, ಮಧುಗಿರಿಯ ಸಿದ್ದಾಪುರ ಕೆರೆಗೆ ಹರಿದ ವರ್ಷ ಒಂದು ಲೆಕ್ಕ, ಹರಿಯದ ವರ್ಷ ಇನ್ನೊಂದು ಲೆಕ್ಕ. ನೀರು ಬಿಡೋದು ಮೂರು ದಿನಕ್ಕೋ, ವಾರಕ್ಕೋ, ಬೆಳಗಿನ ಜಾವಕ್ಕೋ, ನಡುರಾತ್ರಿಗೋ, ನೀರುಗಂಟಿಗೇ ಗೊತ್ತು. ಹಾಗಾಗಿ ನಾವು ನಲ್ಲಿಯನ್ನು ತೆರೆದೇ ಇಟ್ಟು ಕೆಳಗೆ ಡ್ರಮ್ಮು ಇಟ್ಟು ಮಲಗುತ್ತೇವೆ. ಖಾಲಿ ಡ್ರಮ್ಮಿಗೆ ನೀರು ಬಿದ್ದ ಸದ್ದೇ ನಮಗೆ ಅಲಾರಂ. ಸಂಪಿನ ವಾಲ್ವ್ ಸದಾ ಓಪನ್. ಕರೆಂಟ್ ಬಂದ ಕೂಡಲೇ ಓಡಲಿ ಅಂತ ಮೋಟಾರು ಆಟೋಮ್ಯಾಟಿಕ್‌ನಲ್ಲಿ. ಒಟ್ಟಿನಲ್ಲಿ ಇಡೀ ಮನೆ ನೀರಿಗೆ ಬಾಯಿ ತೆರೆದುಕೊಂಡು ಕೂತಿರುತ್ತದೆ. ಮನೆಯಲ್ಲಿ ಜನ ಇರುವಷ್ಟು ದಿನ ಇದರಿಂದ ತೊಂದರೆಯಿಲ್ಲ, ಅನುಕೂಲವೇ. ಬೀಗ ಹಾಕಿ ಹೋದ ದಿನ ಮಾತ್ರ ಇದೇ ಏರ್ಪಾಡು ನಮ್ಮ ಮೇಲೇ ತಿರುಗುತ್ತದೆ.

ಮಧುಗಿರಿಯ ಒಂದು ಮನೆಯ ಕತೆ ಕೇಳಿ. ಐದು ದಿನ ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು ಅಂತ ಹೊರಟರು. ಹೊರಡುವಾಗ ಅಡುಗೆಮನೆಯ ನಲ್ಲಿಯಲ್ಲಿ ನೀರಿರಲಿಲ್ಲ, ಒಣಗಿತ್ತು. ತೆರೆದಿದೆಯೋ ಮುಚ್ಚಿದೆಯೋ ಯಾರೂ ನೋಡಲಿಲ್ಲ. ಸಿಂಕಿನ ಜಾಲರಿ ಮೇಲೆ ಪಾತ್ರೆ ಉಜ್ಜುವ ನಾರು, ಒಂದಿಷ್ಟು ಟೀ ಚರಟ. ಮೂರನೇ ರಾತ್ರಿ ನೀರು ಬಂತು. ಸಿಂಕು ತುಂಬಿ, ಅಡುಗೆಮನೆ ತುಂಬಿ, ಹಾಲು, ರೂಮು ಎಲ್ಲ ಕಡೆ ಹರಿದು ಬೆಳಿಗ್ಗೆ ಮುಂಬಾಗಿಲ ಹೊಸ್ತಿಲ ಕೆಳಗಿಂದ ಹೊರಗೆ ಬಂದಾಗಲೇ ಪಕ್ಕದ ಮನೆಯವರಿಗೆ ಗೊತ್ತಾಗಿದ್ದು. ಅವರ ಹತ್ತಿರ ಬೀಗದ ಕೈ ಇಲ್ಲ. ಫೋನ್ ಮಾಡಿದರೆ ಇವರು ಘಾಟಿಯಲ್ಲಿ, ಸಿಗ್ನಲ್ ಇಲ್ಲ! ಬೀರುವಿನ ಕೆಳಗಿನ ಖಾನೆಯಲ್ಲಿದ್ದ ರೇಷ್ಮೆ ಸೀರೆಗಳ ಬಣ್ಣ ಒಂದಕ್ಕೊಂದು ಹತ್ತಿತ್ತು. ರಾಗಿ ಮೂಟೆ ನೆನೆದು ಮೊಳಕೆ ಬಂದಿತ್ತು. ಪ್ಲೈವುಡ್ ಮಂಚದ ಕಾಲು ಉಬ್ಬಿತ್ತು. ಎಲ್ಲಕ್ಕಿಂತ ಹೊಟ್ಟೆ ಉರಿಯುವ ಸಂಗತಿ, ಮಂಚದ ಕೆಳಗಿನ ಟ್ರಂಕಿನಲ್ಲಿದ್ದ ಮಗಳ ಮಾರ್ಕ್ಸ್ ಕಾರ್ಡು, ಮನೆ ಪತ್ರ. ಇಷ್ಟೆಲ್ಲ ನೀರು ಹರಿದ ಮನೆಯ ಸಂಪಿನಲ್ಲಿ ಮಾತ್ರ ಒಂದು ಕೊಡ ನೀರಿರಲಿಲ್ಲ! ಲೈನಿನ ನೀರೆಲ್ಲ ನಲ್ಲಿಯಲ್ಲೇ ಹೋಗಿತ್ತು. ಮುಂದಿನ ಸರದಿವರೆಗೂ ಒದ್ದೆ ಮನೆ ತೊಳೆಯೋಕೆ ಟ್ಯಾಂಕರ್ ತರಿಸಬೇಕಾಯಿತು.

ಒಣ ನಲ್ಲಿಯನ್ನು ನಂಬಬೇಡಿ

ಇಲ್ಲಿ ತಿಳಿದುಕೊಳ್ಳಬೇಕಾದ್ದು ಇಷ್ಟೇ. ನೀರಿಲ್ಲದ ನಲ್ಲಿಯನ್ನು ಕಣ್ಣಿಂದ ನೋಡಿದರೆ ಸಾಲದು, ಕೈಯಿಂದ ತಿರುಗಿಸಿಯೇ ನೋಡಬೇಕು. ಅಡುಗೆಮನೆ, ಬಚ್ಚಲು, ಪಾಯಖಾನೆಯ ಮಗ್ಗಿನ ನಲ್ಲಿ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದ್ದು, ಗಿಡಕ್ಕೆ ಬಿಡೋದು, ತಾರಸಿ ಮೇಲಿನದು... ಒಂದೊಂದನ್ನೂ ಬಲಕ್ಕೆ ಪೂರ್ತಿ ತಿರುಗಿಸಿ. ಸಿಂಕಿನಲ್ಲಿ, ಬಚ್ಚಲ ಮೋರಿಯ ಜಾಲರಿ ಮೇಲೆ ನಾರು, ಸೋಪಿನ ಚೂರು, ಕೂದಲು ಏನೂ ಇರಬಾರದು. ಅಕಸ್ಮಾತ್ ನಲ್ಲಿ ಬಿಟ್ಟುಕೊಂಡರೂ ನೀರು ಮೋರಿಗೆ ಹೋಗುತ್ತದೆ, ಬೀರುವಿಗೆ ಹೋಗುವುದಿಲ್ಲ. ಕಾಗದ ಪತ್ರ, ರೇಷ್ಮೆ, ಧಾನ್ಯ ಯಾವುದೂ ನೆಲದ ಮೇಲೆ, ಮಂಚದ ಕೆಳಗೆ ಬೇಡ. ಎರಡಡಿ ಮೇಲಕ್ಕೆ ಎತ್ತಿಡೋಕೆ ಐದು ನಿಮಿಷ ಸಾಕು.

ನಲ್ಲಿಗಿಂತ ಮುಖ್ಯವಾದದ್ದು ವಾಲ್ವ್. ನಿಮ್ಮ ಮನೆಯ ವಾಲ್ವುಗಳು ಎಲ್ಲಿವೆ ಅಂತ ನಿಮಗೆ ಗೊತ್ತಾ? ಬಹಳ ಮನೆಗಳಲ್ಲಿ ಅದು ಯಜಮಾನರಿಗೋ, ಮನೆ ಕಟ್ಟಿದ ಪ್ಲಂಬರಿಗೋ ಮಾತ್ರ ಗೊತ್ತಿರುತ್ತೆ. ಬೀದಿ ಲೈನು ಕಾಂಪೌಂಡಿನ ಒಳಗೆ ಬರುವಲ್ಲಿ ಒಂದು, ತಾರಸಿಯ ಟ್ಯಾಂಕಿನಿಂದ ಮನೆಗೆ ಇಳಿಯುವ ಪೈಪಿನಲ್ಲಿ ಒಂದು, ಇವೆರಡನ್ನು ಮೊದಲು ಹುಡುಕಿ. ಮುಚ್ಚಿ, ಯಾವ ನಲ್ಲಿ ನಿಲ್ಲುತ್ತೆ ನೋಡಿ. ಯಾವುದು ಯಾವುದರದ್ದು ಅಂತ ಮರೆಯದಂತೆ ಹಿಡಿ ಮೇಲೆ ಕೆಂಪು, ನೀಲಿ ನೇಲ್ ಪಾಲಿಶ್ ಹಚ್ಚಿಬಿಡಿ. ಹಳೇ ಬಾಟ್ಲಿ ಹಾಗಾದರೂ ಮುಗಿಯಲಿ!

ಆದರೆ ಈ ಕೆಲಸ ಹೊರಡುವ ದಿನ ಮಾಡಬೇಡಿ, ಹತ್ತು ದಿನ ಮೊದಲು ಮಾಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಎಂಥ ಗಡಸು ಅಂತ ಬಿಸಿನೀರಿನ ಪಾತ್ರೆಯ ತಳ ನೋಡಿದವರಿಗೆ ಹೇಳಬೇಕಾಗಿಲ್ಲ. ಅದೇ ಬಿಳಿ ಉಪ್ಪು ವಾಲ್ವಿನ ಒಳಗೂ ಕಟ್ಟಿರುತ್ತದೆ. ವರ್ಷಗಟ್ಟಲೆ ಮುಟ್ಟದ ಹಳೇ ಚಕ್ರದ ಗೇಟ್ ವಾಲ್ವ್ ಹಿಡಿದುಕೊಂಡು ಬಿಡುತ್ತೆ. ಬೆಳಗಿನ ಜಾವ ಬಸ್ಸಿಗೆ ಹೊತ್ತಾಗುತ್ತಿರುವಾಗ ಜೋರಾಗಿ ತಿರುಗಿಸಿದಿರೋ, ಒಳಗಿನ ಕಡ್ಡಿ ಮುರಿದು ನೀರು ನಿಲ್ಲುವ ಬದಲು ಅಲ್ಲೇ ಚಿಮ್ಮಬಹುದು. ಹಿಡಿದುಕೊಂಡಿದ್ದರೆ ಪ್ಲಂಬರನ್ನು ಕರೆಸಿ, ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚಿಕೊಳ್ಳುವ ಬಾಲ್ ವಾಲ್ವ್ ಹಾಕಿಸಿಕೊಳ್ಳಿ. ಹಿಡಿ ಪೈಪಿಗೆ ಅಡ್ಡ ಇದ್ದರೆ ಮುಚ್ಚಿದೆ, ನೇರ ಇದ್ದರೆ ತೆರೆದಿದೆ. ದೂರದಿಂದಲೇ ಗೊತ್ತಾಗುತ್ತೆ. ಆಮೇಲೂ ಎರಡು ಮೂರು ತಿಂಗಳಿಗೊಮ್ಮೆ ತಿರುಗಿಸುತ್ತಿರಿ.

ಸಂಪಿನ ಸಂಕಟ

ಈಗ ನೀವು ಕೇಳುವುದು ಗೊತ್ತು. "ಬೀದಿ ಲೈನು ಮುಚ್ಚಿ ಹೋದರೆ ನಮ್ಮ ಸರದಿ ನೀರು ತಪ್ಪಿಹೋಗಲ್ವಾ? ಬಂದ ದಿನ ಸ್ನಾನಕ್ಕೇನು ಮಾಡೋದು?" ನ್ಯಾಯವಾದ ಪ್ರಶ್ನೆ. ಬೆಂಗಳೂರಿನ ಪತ್ರಿಕೆಗಳಲ್ಲಿ ಮೇನ್ ವಾಲ್ವ್ ಮುಚ್ಚಿ ಹೋಗಿ ಅಂತ ಸಲೀಸಾಗಿ ಬರೆದುಬಿಡುತ್ತಾರೆ. ಇಲ್ಲಿ ಒಂದು ಸರದಿ ತಪ್ಪಿದರೆ ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಆದರೂ ನನ್ನ ಮಾತು ಮುಚ್ಚಿಯೇ ಹೋಗಿ ಅಂತಲೇ. ಹೊರಡುವ ಹಿಂದಿನ ಸರದಿಯಲ್ಲಿ ಸಂಪು ತುಂಬಿಸಿಟ್ಟುಕೊಳ್ಳಿ, ಆಮೇಲೆ ಲೈನು ಮುಚ್ಚಿ. ನೀವಿಲ್ಲದಾಗ ಖರ್ಚಿಲ್ಲವಲ್ಲ, ತುಂಬಿದ ಸಂಪು ತುಂಬಿಯೇ ಇರುತ್ತದೆ. ತುಂಬಿದ ಸಂಪಿಗೆ ಮತ್ತೆ ನೀರು ಬಂದರೆ ಉಕ್ಕಿ ಬೀದಿ ಪಾಲು, ಇಲ್ಲವೇ ಅಡಿಪಾಯದ ಪಾಲು. ಫ್ಲೋಟ್ ಇದೆಯಲ್ಲ, ಅದೇ ನಿಲ್ಲಿಸುತ್ತೆ ಅಂತೀರಾ? ಆ ತೇಲುವ ಗುಂಡಿನ ತೋಳಿನ ಸಂದಿಗೂ ಉಪ್ಪು ಕಟ್ಟಿ ಅರ್ಧಕ್ಕೇ ಸಿಕ್ಕಿಕೊಂಡಿರುವುದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ! ಕೈಯಿಂದ ಎತ್ತಿ ನೋಡಿ, ನೀರು ಪೂರ್ತಿ ನಿಲ್ಲಬೇಕು. ಹನಿ ಬರುತ್ತಿದ್ದರೆ ಒಳಗಿನ ವಾಷರ್ ಬದಲಿಸಬೇಕು ಅಂತ ಅರ್ಥ.

ಇನ್ನು ನಿಮ್ಮ ಸರದಿ ನೀರು? ಪಕ್ಕದ ಮನೆಯವರಿಗೆ ಬಿಟ್ಟುಕೊಡಿ. "ಅಕ್ಕಾ, ನಾವು ಎಂಟು ದಿನ ಇರೋದಿಲ್ಲ, ಈ ಸಲ ನಮ್ಮ ಹೊರಗಿನ ನಲ್ಲಿಗೆ ಪೈಪ್ ಹಾಕಿಕೊಂಡು ನೀವೇ ಹಿಡ್ಕೊಳ್ಳಿ, ಆದ ಮೇಲೆ ವಾಲ್ವ್ ನಿಲ್ಸಿಬಿಡಿ" ಅಂದು ನೋಡಿ. ಬೇಸಿಗೆಯಲ್ಲಿ ಇದಕ್ಕಿಂತ ದೊಡ್ಡ ಉಡುಗೊರೆ ಇದೆಯಾ? ಅವರು ಆ ನೆಪದಲ್ಲಿ ಕಾಂಪೌಂಡಿನ ಒಳಗೆ ಬರುತ್ತಾರೆ, ಮನೆ ಸುತ್ತ ಕಣ್ಣಾಡಿಸುತ್ತಾರೆ. ಸಂಬಳ ಕೊಟ್ಟರೂ ಇಂಥ ಕಾವಲು ಸಿಗೋದಿಲ್ಲ. ಮಧುಗಿರಿ ಮನೆಯವರು ಕಲಿತ ಪಾಠವನ್ನೂ ಮರೆಯಬೇಡಿ, ಒಂದು ಬೀಗದ ಕೈ ನಂಬಿಕೆಯವರ ಹತ್ತಿರ ಇರಲಿ. ಯಾವ ವಾಲ್ವ್ ಎಲ್ಲಿದೆ ಅಂತ ಅವರನ್ನು ಕರೆದು ತೋರಿಸಿ. ಬರೀ ಕೈ ಕೊಟ್ಟು ಹೋದರೆ ಪಾಪ ಅವರು ತಾನೇ ಏನು ಮಾಡಿಯಾರು.

ಮೋಟಾರಿನ ವಿಷಯಕ್ಕೆ ಬಂದರೆ ಹೆಚ್ಚು ಯೋಚನೆ ಬೇಡ. ಅದರ ಎಂಸಿಬಿ ಕೆಳಗೆ ಮಾಡಿ ಅಥವಾ ಫ್ಯೂಸ್ ಕಿತ್ತಿಡಿ. ನೀರಿನ ಮಟ್ಟ ನೋಡಿ ತಾನೇ ಓಡುವ ಮೋಟಾರಿನ ಸೆನ್ಸರ್‌ಗೆ ಉಪ್ಪು ಹಿಡಿದರೆ ತುಂಬಿದ ಟ್ಯಾಂಕನ್ನೂ ಖಾಲಿ ಅಂದುಕೊಳ್ಳುತ್ತದೆ. ಸಂಪಿನ ನೀರೆಲ್ಲ ತಾರಸಿಯಿಂದ ಗೋಡೆ ಮೇಲೆ ಸುರಿದು, ಕೊನೆಗೆ ನೀರಿಲ್ಲದೆ ಓಡಿ ಮೋಟಾರೂ ಸುಟ್ಟುಹೋಗುತ್ತದೆ. ಒಂದೇ ಕಲ್ಲಿಗೆ ಮೂರು ನಷ್ಟ.

ಮುಚ್ಚಬಾರದ ಒಂದು ವಾಲ್ವ್

ಎಲ್ಲ ಮುಚ್ಚಿ ಅಂತ ಹೇಳುತ್ತಾ ಬಂದೆ. ಇದೊಂದಕ್ಕೆ ಮಾತ್ರ ವಿನಾಯಿತಿ. ಪಾವಗಡದ ತಿರುಮಣಿ ಬಳಿ ಎರಡು ಸಾವಿರ ಮೆಗಾವಾಟಿನ ಸೋಲಾರ್ ಪಾರ್ಕ್ ಮಾಡಿರುವುದೇ ನಮ್ಮ ಕಡೆಯ ಬಿಸಿಲು ನೋಡಿ. ಅದೇ ಬಿಸಿಲು ನಿಮ್ಮ ತಾರಸಿಯ ಸೋಲಾರ್ ಹೀಟರಿಗೂ ಬೀಳುತ್ತೆ, ನೀವು ಊರಲ್ಲಿ ಇರಲಿ ಬಿಡಲಿ. ಸೋಲಾರಿಗೆ ತಣ್ಣೀರು ಹೋಗುವ ವಾಲ್ವ್ ಮುಚ್ಚಿಬಿಟ್ಟರೆ ಒಳಗಿನ ನೀರು ಆವಿಯಾಗುತ್ತಾ ಕಡಿಮೆಯಾಗುತ್ತದೆ. ಗಾಜಿನ ಕೊಳವೆಗಳು ಒಣಗಿ ಕಾದಿರುವಾಗ ನೀವು ಬಂದು ಮಧ್ಯಾಹ್ನ ತಣ್ಣೀರು ಬಿಟ್ಟರೆ ಪಟ್ ಅಂತ ಒಡೆಯುತ್ತವೆ. ಆದ್ದರಿಂದ ತಣ್ಣೀರು ಹೋಗುವುದು ತೆರೆದಿರಲಿ, ಬಿಸಿನೀರು ಮನೆಯೊಳಗೆ ಇಳಿಯುವ ವಾಲ್ವ್ ಮಾತ್ರ ಮುಚ್ಚಿ. ಮೇಲಿನ ಟ್ಯಾಂಕಿನಲ್ಲಿ ನೀರೂ ಇರಲಿ. ಹದಿನೈದು ದಿನಕ್ಕಿಂತ ಜಾಸ್ತಿ ಹೋಗುವುದಾದರೆ ಕೊಳವೆಗಳ ಮೇಲೆ ಗೋಣಿತಾಟು ಹೊದಿಸಿ ಕಟ್ಟಿ. ಕರೆಂಟಿನ ಗೀಸರ್ ಇರುವವರಿಗೆ ಈ ರಗಳೆಯಿಲ್ಲ, ಸ್ವಿಚ್ ಆಫ್ ಮಾಡಿದರೆ ಆಯಿತು.

ಸಣ್ಣ ಪೈಪುಗಳ ಬಗ್ಗೆ ಒಂದು ಮಾತು. ಪಾವಗಡದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಅದಕ್ಕೇ ಬೀದಿಯ ಶುದ್ಧ ನೀರಿನ ಘಟಕದಿಂದ ಕ್ಯಾನು ಹೊರುವುದು ಬೇಡ ಅಂತ ಮನೆಯಲ್ಲೇ ಆರ್‌ಓ ಹಾಕಿಸಿಕೊಂಡವರು ಎಷ್ಟೋ ಜನ. ಅದಕ್ಕೆ ನೀರು ಕೊಡುವ ಆ ಬಿಳಿ ಪೈಪು ಪೆನ್ಸಿಲಿನಷ್ಟು ದಪ್ಪ, ಸಿಕ್ಕಿಸಿದ ಜಾಗದಿಂದ ಜಾರಿದರೆ ಕೇಳುವವರಿಲ್ಲ. ಹೋಗುವಾಗ ಅದರ ಸಣ್ಣ ನಲ್ಲಿ ಮುಚ್ಚಿ, ಪ್ಲಗ್ ತೆಗೆಯಿರಿ. ವಾಷಿಂಗ್ ಮೆಷಿನ್ನಿನ ನಲ್ಲಿಯೂ ಅಷ್ಟೇ, ನಾವು ಯಾರೂ ಅದನ್ನು ಮುಚ್ಚುವುದೇ ಇಲ್ಲ. ಕಮೋಡಿನ ಪಕ್ಕದ ಕೈ ಸ್ಪ್ರೇ ಪೈಪು ಇನ್ನೂ ಮೋಸದ್ದು. ಅದರ ಗೋಡೆಯ ಕಾಕ್ ಮುಚ್ಚದೆ ಹೋಗಲೇಬೇಡಿ.

ಈಗಾಗಲೇ ಎಲ್ಲಾದರೂ ಸೋರುತ್ತಿದೆಯಾ ಅಂತ ಗೊತ್ತುಮಾಡಿಕೊಳ್ಳೋದು ಸುಲಭ. ರಾತ್ರಿ ಮಲಗುವ ಮುಂಚೆ ಸಂಪಿಗೆ ಒಂದು ಕೋಲು ಇಳಿಸಿ ನೀರಿನ ಗುರುತು ಮಾಡಿ, ಬೆಳಿಗ್ಗೆ ಮೋಟಾರು ಹಾಕುವ ಮುಂಚೆ ಮತ್ತೆ ನೋಡಿ. ಇಳಿದಿದ್ದರೆ ಸಂಪಿನ ಗೋಡೆಯಲ್ಲೇ ಬಿರುಕು ಇರಬಹುದು. ಕಮೋಡಿನ ಫ್ಲಶ್ ಟ್ಯಾಂಕಿಗೆ ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕೆಳಗೆ ಬಣ್ಣ ಕಂಡರೆ ಒಳಗೊಳಗೇ ನೀರು ಹೋಗುತ್ತಿದೆ ಅಂತ ತಿಳಿಯಿರಿ. ಹನಿ ಹನಿ ಬೀಳುವ ನಲ್ಲಿ ಕೆಳಗೆ ರಾತ್ರಿ ಎಂಟು ಗಂಟೆ ಕಾಲ ಪಾತ್ರೆ ಇಟ್ಟು ನೋಡಿ. ಎರಡು ಲೀಟರ್ ತುಂಬಿದ್ದರೆ ದಿನಕ್ಕೆ ಆರು ಲೀಟರ್, ಹತ್ತು ದಿನದ ಪ್ರವಾಸಕ್ಕೆ ಅರವತ್ತು ಲೀಟರ್ ಆಯಿತು. ಐದು ರೂಪಾಯಿಯೋ ಹತ್ತು ರೂಪಾಯಿಯೋ ಆಗುವ ವಾಷರಿಗಾಗಿ ನಾಲ್ಕೈದು ಕೊಡ ನೀರು!

ತಾರಸಿ ಮರೆತರೆ

ನಮ್ಮದು ಬರದ ಸೀಮೆ ಅಂತ ತಾರಸಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದರೆ ನೆನಪಿಡಿ, ನಮ್ಮ ಕಡೆ ಜೋರು ಮಳೆ ಬೀಳುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ದಸರಾ ರಜೆಗೆ ನಾವೆಲ್ಲ ಊರು ಬಿಡುವುದೂ ಅದೇ ಹೊತ್ತಿಗೆ. 2022ರಲ್ಲಿ ಎಷ್ಟು ಕೆರೆ ಕೋಡಿ ಬಿದ್ದವು ಅಂತ ಯಾರೂ ಮರೆತಿಲ್ಲ ತಾನೇ? ಬೇಸಿಗೆ ರಜೆಯಲ್ಲೂ ಒಂದೆರಡು ಸಲ ಗಾಳಿ, ಗುಡುಗು, ಆಲಿಕಲ್ಲು ಇದ್ದದ್ದೇ.

ಒಂದು ಲೆಕ್ಕ ಹೇಳುತ್ತೇನೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು ನಲವತ್ತರ ತಾರಸಿ ಅಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ ಒಂದು ರಾತ್ರಿ 50 ಮಿಲಿಮೀಟರ್ ಸುರಿದರೆ ಐದೂವರೆ ಸಾವಿರ ಲೀಟರ್! ಇಷ್ಟೂ ನೀರು ಇಳಿದು ಹೋಗಬೇಕಾದ್ದು ಒಂದೋ ಎರಡೋ ಪೈಪಿನ ಬಾಯಲ್ಲಿ. ಅಲ್ಲಿ ಬೇವಿನ ಎಲೆ, ಹೊಂಗೆ ಎಲೆ, ಪಾರಿವಾಳದ ಗೂಡಿನ ಕಸ, ಹಪ್ಪಳ ಒಣಗಿಸಿದ ಪ್ಲಾಸ್ಟಿಕ್ ಹಾಳೆ ಸಿಕ್ಕಿಕೊಂಡರೆ ತಾರಸಿ ಕೆರೆಯಾಗುತ್ತದೆ. ನೀರು ಮೆಟ್ಟಿಲ ಬಾಗಿಲಿನಿಂದ ಒಳಗೆ ಇಳಿಯುತ್ತೆ, ಇಲ್ಲವೇ ಚಾವಣಿಯ ಕೂದಲೆಳೆ ಬಿರುಕಿನಲ್ಲಿ ಇಳಿದು ಫ್ಯಾನಿನ ಕೊಕ್ಕೆಯಿಂದ ತೊಟ್ಟಿಕ್ಕುತ್ತದೆ. ಹೋಗುವ ಹಿಂದಿನ ದಿನ ತಾರಸಿ ಗುಡಿಸಿ, ಪೈಪಿನ ಬಾಯಿಗೆ ಎರಡು ಕೊಡ ನೀರು ಸುರಿದು ಸಲೀಸಾಗಿ ಇಳಿಯುತ್ತಾ ನೋಡಿ. ಜಾಲರಿ ಇಲ್ಲದಿದ್ದರೆ ಹಾಕಿಸಿ. ಮೆಟ್ಟಿಲ ಬಾಗಿಲ ಸಂದಿಗೆ ಒಂದು ಹಳೇ ಗೋಣಿಚೀಲ ಸುತ್ತಿಡಿ.

ಡ್ರಮ್ಮು, ತೊಟ್ಟಿಯಲ್ಲಿ ಹಿಡಿದಿಟ್ಟ ನೀರನ್ನು ಬಿಸಾಡಲು ಮನಸ್ಸು ಬರೋಲ್ಲ, ಸರಿ. ಆದರೆ ಬಿಗಿಯಾಗಿ ಮುಚ್ಚಿ, ಮೇಲೆ ಬಟ್ಟೆ ಕಟ್ಟಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರೋಕೆ ಎಂಟು ಹತ್ತು ದಿನ ಸಾಕು, ಅಂದರೆ ಸರಿಯಾಗಿ ನಿಮ್ಮ ಒಂದು ಪ್ರವಾಸದಷ್ಟು.

ಕಟ್ಟಡಕ್ಕೆ ವಿಮೆ ಮಾಡಿಸಿದ್ದೀರಾ? ಬ್ಯಾಂಕ್ ಸಾಲದಲ್ಲಿ ಮನೆ ಕಟ್ಟಿದವರಿಗೆ ಎಷ್ಟೋ ಸಲ ಅದು ಇದ್ದೂ ಗೊತ್ತಿರುವುದಿಲ್ಲ. 2021ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ಕೊಡುತ್ತಿರುವ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ನೀರಿನ ಟ್ಯಾಂಕು, ಪೈಪು ಒಡೆದು ಅಥವಾ ಉಕ್ಕಿ ಆಗುವ ನಷ್ಟಕ್ಕೂ ಪರಿಹಾರವಿದೆ. ಕಾಲಕ್ರಮದಲ್ಲಿ ತಾನಾಗೇ ಆಗುವ ಸವಕಲಿಗೆ ಸಿಗುವುದಿಲ್ಲ. ಮನೆ ಬಹಳ ದಿನ ಖಾಲಿ ಇದ್ದರೆ ಏನು ನಿಯಮ ಅಂತ ನಿಮ್ಮ ಏಜೆಂಟರನ್ನು ಕೇಳಿಟ್ಟುಕೊಳ್ಳಿ.

ವಾಪಸ್ ಬಂದಾಗ

ಬೀಗ ತೆಗೆದ ತಕ್ಷಣ ಕೈ ತಾನಾಗೇ ಸ್ವಿಚ್ಚಿಗೆ ಹೋಗುತ್ತದಲ್ಲ, ಆ ಕೈಯನ್ನು ಒಂದು ನಿಮಿಷ ತಡೆಯಿರಿ. ಬಾಗಿಲಲ್ಲೇ ನಿಂತು ಟಾರ್ಚೋ ಮೊಬೈಲಿನ ಬೆಳಕೋ ಬಿಟ್ಟು ನೆಲ ಒದ್ದೆ ಇದೆಯಾ, ಗೋಡೆಯಲ್ಲಿ ಕರೆ ಇದೆಯಾ, ಮುಗ್ಗಲು ವಾಸನೆ ಇದೆಯಾ ನೋಡಿ. ನೆಲದಲ್ಲಿ ನೀರು ನಿಂತಿದ್ದರೆ, ಸ್ವಿಚ್ ಬೋರ್ಡಿನ ಸುತ್ತ ಗೋಡೆ ನೆನೆದಿದ್ದರೆ ಮಕ್ಕಳನ್ನು ಹೊರಗೇ ನಿಲ್ಲಿಸಿ. ಒದ್ದೆ ಕಾಲಲ್ಲಿ ಸ್ವಿಚ್ಚು, ಫ್ರಿಜ್ಜು ಮುಟ್ಟಬೇಡಿ. ಮನೆ ಹೊರಗಿರುವ ಮೇನ್ ಸ್ವಿಚ್ ಒಣಗಿದ್ದರೆ ಮಾತ್ರ ಒಣ ಕೈಯಲ್ಲಿ ಆಫ್ ಮಾಡಿ. ಅದೂ ನೆನೆದಿದ್ದರೆ ಮುಟ್ಟದೆ ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ನೀರಿಗಿಂತ ಕರೆಂಟು ಹಿಡಿದ ನೀರೇ ಅಪಾಯ. ಇದಕ್ಕಾಗಿಯೇ ಫ್ರಿಜ್ ಖಾಲಿ ಮಾಡಿ, ಮೇನ್ ಆಫ್ ಮಾಡಿ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಉಪ್ಪಿನಕಾಯಿ ಹೊರಗಿದ್ದರೆ ಕೆಡೋದಿಲ್ಲ ಬಿಡಿ.

ಎಲ್ಲ ಸರಿಯಿದ್ದರೆ ವಾಲ್ವನ್ನು ಒಂದೇ ಸಲಕ್ಕೆ ಪೂರ್ತಿ ತೆಗೆಯಬೇಡಿ. ಪೈಪಿನೊಳಗೆ ಗಾಳಿ ತುಂಬಿರುತ್ತದೆ, ನೀರು ಒಮ್ಮೆಲೇ ನುಗ್ಗಿದರೆ ಢಬ್ ಅಂತ ಬಡಿದು ಹಳೇ ಜಾಯಿಂಟು ಬಿಟ್ಟುಕೊಳ್ಳಬಹುದು. ಮೊದಲು ಬಚ್ಚಲ ನಲ್ಲಿಯೊಂದನ್ನು ತೆರೆದಿಟ್ಟು, ವಾಲ್ವನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಬುಸುಬುಸು ಗಾಳಿ ಹೋಗಿ ನೀರು ಸಮ ಆದ ಮೇಲೆ ಪೂರ್ತಿ ತೆಗೆಯಿರಿ. ಮೊದಲು ಬರುವ ಕೆಂಪು ನೀರನ್ನು ಒಂದು ಬಕೆಟ್ ಹಿಡಿದು ಬಾಡಿದ ಗಿಡಗಳಿಗೆ ಹಾಕಿ. ಆರ್‌ಓ ನಲ್ಲಿ ತಿರುಗಿಸುವುದು ಅದಾದ ಮೇಲೆ.